ಪದಚರ್ಚೆ: ‘ಹಾರಿಹೋಯ್ತು’, ‘ಉಪ್ಪುನೀರು’, ‘ಲೋಳೆ’

ಬಲ್ಲವರಲ್ಲಿ ಒಂದು ಕೇಳಿಕೆ. ನಮ್ಮ ಮನೆಯಲ್ಲಿ ಕಡಲಿನ ಮೀನುಗಳನ್ನೂ ಒಂದಿಷ್ಟು ಮೆದು ಹವಳವನ್ನೂ ಸಾಕಿರುವ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇದೆ. ಹೋದ ತಿಂಗಳು ಆಫೀಸಿನಲ್ಲಿದ್ದಾಗ ಅಮ್ಮನ ಫೋನು ಬಂತು: “ನಿನ್ನ ಕೆಂಪು ಮೀನು ಹಾರಿಹೋಯ್ತು ಕಣೋ.”

ಪ್ರಾಣ ಹಾರಿಹೋಯ್ತು ಅನ್ನುತ್ತೇವಲ್ಲ, ನನ್ನ ಕಿವಿಗೆ ಬಿದ್ದದ್ದು ಅದೇ ಅರ್ಥ. “ಅಯ್ಯೋ, ಯಾವಾಗ?” ಅಂದೆ. “ಈಗ್ಲೇ. ಕರೆಂಟ್ ಹೋಯ್ತು, ಟಪ್ ಅಂತ ಸದ್ದಾಯ್ತು, ನೋಡಿದ್ರೆ ಸೋಫಾ ಕೆಳಗೆ ವಿಲವಿಲ ಒದ್ದಾಡ್ತಿದೆ. ಧೂಳು ಮೆತ್ತಿಕೊಂಡಿತ್ತು, ಸೆರಗಲ್ಲಿ ಒರೆಸಿ ಬಕೆಟ್ಟಿಗೆ ಹಾಕಿದೀನಿ.” ಯಾವ ನೀರಿಗೆ ಅಂತ ಕೇಳಿದರೆ, “ಉಪ್ಪುನೀರಿನ ಮೀನು ಅಂತ ನೀನೇ ಹೇಳಿದ್ದೆಯಲ್ಲ, ಅದಕ್ಕೇ ಬೋರ್ ನೀರು” ಅಂದಳು.

ತಪ್ಪು ಅವಳದಲ್ಲ. ಬೆಂಗಳೂರಿನಲ್ಲಿ ‘ಉಪ್ಪುನೀರು’ ಅಂದರೆ ಬೋರ್‌ವೆಲ್ಲಿನ ನೀರು, ‘ಸಿಹಿನೀರು’ ಅಂದರೆ ಕಾವೇರಿ. ಬಾಡಿಗೆ ಮನೆ ನೋಡಲು ಹೋದವರೆಲ್ಲ ಕೇಳುವುದು ಇದೇ ಮಾತಿನಲ್ಲಿ. ಆದರೆ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಬೋರಿನ ನೀರು ಎಷ್ಟೇ ಸವುಳಾದರೂ ಅದರ ಹತ್ತಿರಕ್ಕೆ ಬರುವುದಿಲ್ಲ. ಮೀನಿನ ಪಾಲಿಗೆ ಅದು ಸಪ್ಪೆ ನೀರೇ. ಅಂಥ ನೀರಿನಲ್ಲಿಟ್ಟರೆ ಕಿವಿರಿನ ಮೂಲಕ ನೀರು ಒಳನುಗ್ಗಿ, ಮೈಯ ಉಪ್ಪಿನ ಲೆಕ್ಕವೇ ತಪ್ಪುತ್ತದೆ. ಒಂದೆರಡು ನಿಮಿಷ ತಡೆದೀತು, ಒಂದು ಮಧ್ಯಾಹ್ನ ತಡೆಯದು. ಮಗ್ಗಿನಲ್ಲಿ ಎತ್ತಿ ತಕ್ಷಣ ತೊಟ್ಟಿಗೇ ಬಿಡು ಅಂತ ಹೇಳಿದೆ. ಮೀನು ಉಳಿಯಿತು. ಬಾಲದ ಕೆಳಗಿನ ಅಂಚು ಹರಿದಿತ್ತು, ಎರಡು ದಿನ ಕಲ್ಲಿನ ಸಂದಿಯಿಂದ ಈಚೆ ಬರಲಿಲ್ಲ, ಮೂರನೆಯ ದಿನ ಊಟಕ್ಕೆ ಬಂತು.

ಇದಾದ ಮೇಲೆ, ನಾನಿಲ್ಲದಾಗ ಮನೆಯವರು ಏನು ಮಾಡಬೇಕೆಂದು ಒಂದು ಚೀಟಿ ಬರೆದು ತೊಟ್ಟಿಯ ಪಕ್ಕ ಅಂಟಿಸೋಣ ಅಂತ ಕೂತೆ. ಮೊದಲ ಸಾಲಿಗೇ ಪೆನ್ನು ನಿಂತಿತು.

‘ಮೀನು ಹಾರಿದರೆ’ ಎಂದು ಬರೆಯಬಹುದೆ? ‘ಹಾರು’ವುದಕ್ಕೆ ನಮ್ಮಲ್ಲಿ ರೆಕ್ಕೆ ಬೇಕಿಲ್ಲ, ಬಾವಿ ಹಾರುತ್ತಾರೆ, ಕಾಂಪೌಂಡ್ ಹಾರುತ್ತಾರೆ. ಹಳಗನ್ನಡದ ‘ಪಾಱು’ ಕೂಡ ಜಿಗಿತ, ಹಾರಾಟ ಎರಡಕ್ಕೂ ಸಲ್ಲುತ್ತಿತ್ತು. (ಹಾರೈಸು, ಹಾರೈಕೆಗಳ ‘ಹಾರು’ ಬೇರೆ, ಅದು ಎದುರುನೋಡು ಎಂಬರ್ಥದ ‘ಪಾರು’. ಶಕಟರೇಫ, ಅಂದರೆ ಹಳಗನ್ನಡದ ‘ಱ’, ಹೋದ ಮೇಲೆ ಎರಡೂ ಒಂದೇ ಬಟ್ಟೆ ತೊಟ್ಟವು.) ತೊಡಕು ಇರುವುದು ‘ಹೋಯ್ತು’ ಅಂಟಿದಾಗ. ಒಡೆದುಹೋಯ್ತು, ಚೆಲ್ಲಿಹೋಯ್ತು ಅನ್ನುವಾಗ ಇರುವ ‘ಕೈಮೀರಿ ಆಯ್ತು’ ಎಂಬ ಧ್ವನಿಯನ್ನೇ ಅಮ್ಮ ಉದ್ದೇಶಿಸಿದ್ದು. ಕೇಳಿದ ನನಗೆ ಸಾವು ಕಾಣಿಸಿತು.

ಹಾಗಾದರೆ ‘ನೆಗೆ’? ಇದು ಇನ್ನೂ ಅಪಾಯ. ಮೀನು ಮಾಡಿದ್ದು ಅಕ್ಷರಶಃ ನೆಗೆದು ಬಿದ್ದದ್ದು. ಆದರೆ ‘ನೆಗೆದುಬಿದ್ದ’ ಎಂದರೆ ಗೊಟಕ್ ಅಂದ ಎಂದೇ ಅರ್ಥ. ಚೀಟಿಯಲ್ಲಿ ‘ಮೀನು ನೆಗೆದುಬಿದ್ದರೆ’ ಎಂದು ಬರೆದರೆ ನನ್ನ ತಮ್ಮ ಮುಂದಕ್ಕೆ ಓದುವುದಿಲ್ಲ, ‘ನೆಲ್ಲಿಕಾಯಿ ಆಯ್ತು’ ಅಂತ ಸೇರಿಸಿ ನಕ್ಕು ಹೋಗುತ್ತಾನೆ. ಈ ನೆಲ್ಲಿಕಾಯಿ ಅಲ್ಲಿಗೆ ಹೇಗೆ ಬಂತು? ಬರೀ ‘ನೆ’ಕಾರದ ಪ್ರಾಸಕ್ಕೋ, ಮರದಿಂದ ಉದುರುವ ಚಿತ್ರಕ್ಕೋ? ಇದು ನನ್ನ ಮೊದಲ ಪ್ರಶ್ನೆ.

ಸದ್ಯಕ್ಕೆ ‘ತೊಟ್ಟಿಯಿಂದ ಆಚೆ ಬಿದ್ದಿದ್ದರೆ’ ಎಂದು ಬರೆದಿದ್ದೇನೆ. ‘ವಿಲವಿಲ ಒದ್ದಾಡುತ್ತಿದ್ದರೆ’ ಎಂಬುದನ್ನು ಬೇಕೆಂದೇ ಬಿಟ್ಟೆ. ನೀರಿಲ್ಲದಾಗ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ಕಟ್ಟುತ್ತದೆ, ಒದ್ದಾಟ ನಿಲ್ಲುತ್ತದೆ. ಅಂಥ ಮೀನನ್ನೂ ತೊಟ್ಟಿಗೆ ಬಿಟ್ಟು ನೋಡಬೇಕು. ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ವಿಲವಿಲ ಇಲ್ಲ ಅಂತ ಯಾರೂ ಕಸದ ಬುಟ್ಟಿಗೆ ಹಾಕಬಾರದು.

ಎರಡನೆಯದು ‘ಲೋಳೆ’. ಮೀನಿನ ಮೈಮೇಲಿನ ಲೋಳೆ ಅದಕ್ಕೆ ರಕ್ಷೆ, ಸೋಂಕನ್ನು ತಡೆಯುವುದೇ ಅದು. ಒಣಗಿದ ಕೈಯಿಂದ, ಬಟ್ಟೆಯಿಂದ ಹಿಡಿದರೆ ಕಿತ್ತುಬರುತ್ತದೆ. ತೊಟ್ಟಿಯ ನೀರಲ್ಲಿ ಕೈ ಅದ್ದಿಕೊಂಡೇ ಎತ್ತಬೇಕು. ಆದರೆ ನಮ್ಮ ಮನೆಗಳಲ್ಲಿ ಲೋಳೆ ಅಂದರೆ ಹಳಸಿದ ಸಾರು, ಪಾಚಿಗಟ್ಟಿದ ಬಚ್ಚಲು. ‘ಲೋಳೆ ಹೋಗದಂತೆ ಹಿಡಿಯಿರಿ’ ಎಂದರೆ ಅಮ್ಮನಂಥವರಿಗೆ ಅದು ವಿಚಿತ್ರ ಆಜ್ಞೆ. ಅವಳು ಸೆರಗಿನಲ್ಲಿ ಒರೆಸಿದ್ದು ಅಕ್ಕರೆಯಿಂದಲೇ. ವಿಜ್ಞಾನದ ಪಠ್ಯಗಳಲ್ಲಿ ‘ಲೋಳೆಪೊರೆ’ ಇದೆ, ಆದರೆ ಅದು ಮೂಗು, ಬಾಯಿಗಳ ಒಳಪದರಕ್ಕೆ. ನನಗೆ ಬರೀ ‘ಪೊರೆ’ ಹಿಡಿಸಿತು. ಹಾವಿನ ಪೊರೆ, ಕಣ್ಣಿನ ಪೊರೆ ಎಲ್ಲರಿಗೂ ಗೊತ್ತು; ಕಾಪಾಡು ಎಂಬರ್ಥದ ‘ಪೊರೆ’ಯೂ ಅದರ ಬೆನ್ನಿಗೇ ಕೇಳಿಸುತ್ತದೆ. ಈ ಕ್ರಿಯಾಪದವೇ ‘ಹೊಟ್ಟೆ ಹೊರೆ’ಯಲ್ಲಿ ‘ಹೊರೆ’ ಆಗಿ ಉಳಿದಿದೆ. ಕಳಚಿ ಎಸೆಯುವ ಪೊರೆಯನ್ನು ಕಾಪಾಡುವ ಪೊರೆಯ ಜೊತೆ ಕಟ್ಟುವುದು ನಿರುಕ್ತಿಯಲ್ಲ, ನನ್ನ ಚಪಲ ಅಷ್ಟೇ. ಆದರೂ ಚೀಟಿಯಲ್ಲಿ ‘ಮೈಪೊರೆ’ ಅಂದರೆ ಸರಿಹೋದೀತೆ? ಕರಾವಳಿಯಲ್ಲಿ ಮೀನು ಹಿಡಿಯುವವರು ಹಸಿಮೀನಿನ ಈ ಜಾರಿಕೆಗೆ ಏನನ್ನುತ್ತಾರೆ?

ಇನ್ನು ನೀರು. ತೊಟ್ಟಿಯಲ್ಲಿ ನೀರು ಆವಿಯಾದರೆ ಉಪ್ಪು ಉಳಿದುಬಿಡುತ್ತದೆ, ಹಾಗಾಗಿ ತುಂಬಬೇಕಾದ್ದು ಫಿಲ್ಟರಿನ ಸಪ್ಪೆ ನೀರು. ಆಚೆ ಬಿದ್ದ ಮೀನಿಗೆ ಬೇಕಾದ್ದು ಕಡಲ ಉಪ್ಪು ಬೆರೆಸಿದ ನೀರು. ಮೂರನೆಯದು ಬೋರಿನದು, ಎರಡಕ್ಕೂ ಆಗದು. ‘ಉಪ್ಪುನೀರು’, ‘ಸಿಹಿನೀರು’ ಎರಡನ್ನೂ ಚೀಟಿಯಿಂದ ಹೊಡೆದುಹಾಕಿ ಮೀನಿಗೆ ‘ತೊಟ್ಟಿನೀರು’, ತುಂಬುವುದಕ್ಕೆ ‘ಕ್ಯಾನ್ ನೀರು’ ಎಂದು ಬರೆದೆ. ಸೊಗಸಿಲ್ಲ, ಆದರೆ ಅಮ್ಮನಿಗೆ ಒಂದೇ ಸಲಕ್ಕೆ ತಿಳಿಯಿತು. ‘ಕಡಲನೀರು’ ಎಂದಿದ್ದಕ್ಕೆ “ಮಂಗಳೂರಿಂದ ತರಿಸಬೇಕಾ?” ಅಂದಿದ್ದಳು.

ಕೊನೆಗೆ, ತೊಟ್ಟಿಯ ಮೇಲೆ ಹಾಸಲು ಸಣ್ಣ ಕಣ್ಣಿನ ಹೊದಿಕೆ ಮಾಡಿಸುತ್ತಿದ್ದೇನೆ. ಅಲ್ಯುಮಿನಿಯಂ ಕೆಲಸದವನು ‘ಮೆಶ್’ ಅನ್ನುತ್ತಾನೆ, ಅಮ್ಮ ‘ಸೊಳ್ಳೆಪರದೆ’ ಅನ್ನುತ್ತಾಳೆ. ‘ಬಲೆ’ ಎಂದರೆ ಹಿಡಿಯುವುದು, ಇದು ತಡೆಯುವುದು. ‘ಜಾಲರಿ’ ಸಾಕೆ, ಇನ್ನೂ ಹತ್ತಿರದ ಮಾತಿದೆಯೆ?