ವಿಟ್ಬಿಯ ‘ಗಾಟ್’ ನಮ್ಮ ಘಟ್ಟವೇ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯ ವಿಟ್ಬಿ ಎಂಬ ಸಣ್ಣ ಊರಿನ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಸ್ಕ್ ನದಿಯ ಅಳಿವೆಯ ಎರಡೂ ದಡಗಳಲ್ಲಿ ಗುಡ್ಡಕ್ಕೆ ಆತುಕೊಂಡ ಮನೆಗಳು, ಮೂಡಣ ಗುಡ್ಡದ ನೆತ್ತಿಯಲ್ಲಿ ಪಾಳುಬಿದ್ದ ಮಠ, ಅತ್ತ ಏರಲು 199 ಮೆಟ್ಟಿಲುಗಳು. ಹೆಸರಾಂತ ನಾವಿಕ ಜೇಮ್ಸ್ ಕುಕ್ ಹಡಗಿನ ಕೆಲಸ ಕಲಿತದ್ದು ಇಲ್ಲಿಯೇ. ಇಷ್ಟೂ ಸಲೀಸಾಗಿ ಕನ್ನಡಕ್ಕೆ ಬಂತು. ಲೇಖನಿ ನಿಂತದ್ದು ಒಂದು ಓಣಿಯ ಹೆಸರಿನಲ್ಲಿ.

ಬೀದಿಯಿಂದ ಹೊರಟು, ಮನೆಗಳ ನಡುವೆ ನುಸುಳಿ, ನೀರಿನಂಚಿಗೆ ಇಳಿಯುವ ಇಕ್ಕಟ್ಟು ದಾರಿಗೆ ವಿಟ್ಬಿಯಲ್ಲಿ ‘ಗಾಟ್’ ಎಂಬ ಹೆಸರಿದೆ. ಬರೆಯುವುದು ಜಿ, ಎಚ್, ಎ, ಯು, ಟಿ ಎಂದು. ಹಿಂದಿನ ಇಂಗ್ಲಿಷರು ನಮ್ಮ ಘಟ್ಟವನ್ನು, ಕಾಶಿಯ ಘಾಟುಗಳನ್ನು ಬರೆಯುತ್ತಿದ್ದದ್ದೂ ಇದೇ ಅಕ್ಷರಗಳಲ್ಲಿ. ಇಂಗ್ಲಿಷಿಗೆ ಸೇರಿದ ಭಾರತದ ಪದಗಳನ್ನು ಕಲೆಹಾಕಿ 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಆ ನಮೂದು ಹಾಗೆಯೇ ಇದೆ. ನೀರಿಗೆ ಇಳಿಯುವ ದಾರಿ ಎಂಬ ಅರ್ಥವೂ ಹೊಂದುವುದರಿಂದ, ನಾವಿಕರು ಈ ಪದವನ್ನು ಇಲ್ಲಿಂದ ಕೊಂಡೊಯ್ದಿರಬೇಕು ಎಂದು ಹಿಗ್ಗಿ ‘ಟಿನ್ ಘಟ್ಟ’ ಎಂದೇ ಬರೆದುಬಿಟ್ಟಿದ್ದೆ. ಟಿನ್ ಗಾಟ್ ಎಂಬುದು ಫ್ರಾಂಕ್ ಮೆಡೋ ಸಟ್‌ಕ್ಲಿಫ್ ಅವರ ಛಾಯಾಚಿತ್ರದಲ್ಲಿ ಉಳಿದಿರುವ ಓಣಿ. ಅದನ್ನು ಕೆಡವಿ ದಶಕಗಳಾದವು.

ಈಗ ಆ ಹಿಗ್ಗು ಇಳಿದಿದೆ. ಇಂಗ್ಲಿಷಿನ ಪ್ರಾಂತೀಯ ನುಡಿಗಳಲ್ಲಿ ನೀರು ಹರಿಯುವ ಕಾಲುವೆಗೆ, ತೂಬಿಗೆ ‘ಗೋಟ್’, ‘ಗೌಟ್’ ಎನ್ನುವ ಹಳೆಯ ಪದವಿದೆ. ಲಿಂಕನ್‌ಶೈರಿನಲ್ಲಿ ಆಂಟನ್ಸ್ ಗೌಟ್ ಎಂಬ ಊರೇ ಇದೆ. ಡಚ್ಚರು ಚರಂಡಿಗೆ ‘ಗೋಟ್’ ಎನ್ನುತ್ತಾರೆ. ಇವೆಲ್ಲದರ ಬೇರು ‘ಸುರಿ’ ಎಂಬರ್ಥದ ಹಳೆಯ ಜರ್ಮಾನಿಕ್ ಧಾತು. ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದಲ್ಲಿಯೂ ಮಳೆನೀರು ಹರಿಯುವ ಕೊರಕಲನ್ನು ಇವೇ ಐದು ಅಕ್ಷರಗಳಲ್ಲಿ ಬರೆದು ‘ಗಟ್’ ಎಂದು ಉಚ್ಚರಿಸುತ್ತಾರೆ. ನಮ್ಮ ಘಟ್ಟದ ಮೂಲವೋ ಸಂಸ್ಕೃತ. ವಿಟ್ಬಿಯವರ ಪದ ಅವರ ನೆಲದ್ದೇ, ಕಾಗುಣಿತ ಮಾತ್ರ ಭಾರತದ ಕಡೆಯಿಂದ ಅಂಟಿಕೊಂಡದ್ದು ಎಂದು ನನ್ನ ಅಂದಾಜು. ಬಲ್ಲವರು ತಿದ್ದಬೇಕು.

ಹೋಲಿಕೆಗೆ ಮರುಳಾಗಿ ಈ ಬರಹದಲ್ಲಿ ಬೇರೆಡೆಯೂ ಎಡವಿದ್ದೇನೆ. ಅಲ್ಲಿನ ಬೀದಿಗಳಾದ ಸ್ಯಾಂಡ್‌ಗೇಟ್, ಫ್ಲವರ್‌ಗೇಟ್‌ಗಳ ‘ಗೇಟ್’ ಬಾಗಿಲಲ್ಲ. ಬೀದಿ ಎಂಬ ಅರ್ಥದ, ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ನುಡಿಯ ಪದ. ‘ಆರ್ಗ್ಯುಮೆಂಟ್ಸ್ ಯಾರ್ಡ್’ ಎಂಬಲ್ಲಿ ಯಾರೂ ವಾದಕ್ಕೆ ನಿಂತಿರಲಿಲ್ಲ, ಅದು ಒಂದು ಮನೆತನದ ಹೆಸರು. ಎಲ್ಲಕ್ಕಿಂತ ದೊಡ್ಡ ತಪ್ಪು ‘ಜೆಟ್’ನದು. ಕೋಟ್ಯಂತರ ವರ್ಷ ಹಿಂದಿನ ಮರ ನೆಲದೊಳಗೆ ಕಪ್ಪಾಗಿ ಗಟ್ಟಿಯಾದ ವಸ್ತು ಅದು. 1861ರಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಅದರ ಒಡವೆಗಳನ್ನು ಶೋಕದ ಗುರುತಾಗಿ ತೊಟ್ಟಳು. ವಿಟ್ಬಿಯ ಕುಶಲಕರ್ಮಿಗಳಿಗೆ ಕೈತುಂಬ ಕೆಲಸ ಬಂತು. ಜೆಟ್ ಎಂದರೆ ನಮ್ಮವರಿಗೆ ವಿಮಾನ ನೆನಪಾದೀತೆಂದು ನಾನು ‘ಕರಿಮಣಿ’ ಎಂದು ಬರೆದೆ. ಕರಡು ಓದಿದ ಅಮ್ಮ, “ಗಂಡನನ್ನು ಕಳೆದುಕೊಂಡವಳ ಕೊರಳಿಗೆ ಕರಿಮಣಿ ಹಾಕಿದ್ದೀಯಲ್ಲ” ಎಂದು ಪುಟವನ್ನು ಹಿಂದಕ್ಕೆ ಕೊಟ್ಟರು. ನಮ್ಮಲ್ಲಿ ಮುತ್ತೈದೆತನವನ್ನು ಸಾರುವುದು ಅಲ್ಲಿ ಸಾವನ್ನು ಸಾರುತ್ತದೆ. ಪದವೊಂದೇ ಇಡೀ ವಾಕ್ಯವನ್ನು ತಲೆಕೆಳಗು ಮಾಡಿತ್ತು. ಸದ್ಯ ‘ಜೆಟ್ ಎಂಬ ಕರಿಮರಗಲ್ಲು’ ಎಂದು ಇಟ್ಟುಕೊಂಡಿದ್ದೇನೆ.

ಮತ್ತೆ ಓಣಿಗೆ ಬರುತ್ತೇನೆ. ‘ಘಟ್ಟ’ ಎಂದರೆ ಕರಾವಳಿಯ ಓದುಗರಿಗೆ ಮೊದಲು ಕಾಣುವುದು ಬೆಟ್ಟ. ‘ಸ್ನಾನಘಟ್ಟ’ದಲ್ಲಿ ಮೆಟ್ಟಿಲು, ಮಡಿ, ತೀರ್ಥ ಎಲ್ಲವೂ ಬಂದುಬಿಡುತ್ತವೆ. ‘ಧಕ್ಕೆ’ ದೋಣಿ ನಿಲ್ಲುವ ಕಟ್ಟೆ, ದಾರಿಯಲ್ಲ. ‘ಕಡವು’, ‘ತಾರಿ’ ಎರಡೂ ಹೊಳೆ ದಾಟಿಸುವ ಜಾಗಗಳು. ಬರಿಯ ‘ಸಂದಿ’ ಎಂದರೆ ನೀರಿನ ಸುಳಿವೇ ಇಲ್ಲ. ‘ನೀರೋಣಿ’ ಎಂದು ಕಟ್ಟಿ ನೋಡಿದೆ; ಕಿವಿಗೆ ಹಿತವಾಗಿದೆ, ಆದರೆ ನೀರು ಹರಿಯುವ ಓಣಿ ಎಂದು ತಿಳಿಯುವ ಅಪಾಯವಿದೆ.

ಗಂಗೊಳ್ಳಿ, ಹೊನ್ನಾವರ, ಮಲ್ಪೆಯ ಕಡೆಯವರು ಇಲ್ಲಿದ್ದೀರಿ. ಮನೆಗಳ ನಡುವಿನಿಂದ ಹೊಳೆಗೋ ಕಡಲಿಗೋ ಇಳಿಯುವ, ಬಲೆ ಹೊತ್ತು ನಡೆಯುವ ಆ ಕಿರುದಾರಿಗೆ ನಿಮ್ಮ ಮನೆಯ ಹಿರಿಯರು ಏನೆನ್ನುತ್ತಾರೆ? ಕೊಂಕಣಿ, ತುಳು ಮಾತಿನ ಪದವಾದರೂ ಸರಿ, ಯಾವ ಊರಿನದೆಂದು ಜೊತೆಗೆ ತಿಳಿಸಿ.