ಅಮೆರಿಕದ ಸಮ್ಮರ್ ಕ್ಯಾಂಪ್‌ಗೆ ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾದಲ್ಲಿ ಹೋದವರು ಇದ್ದೀರಾ?

ಪ್ರಶ್ನೆ:
ಡಿಗ್ರಿ ಎರಡನೇ ವರ್ಷ, ವಯಸ್ಸು 20. ಈಜು ಚೆನ್ನಾಗಿ ಬರುತ್ತದೆ. ಅಮೆರಿಕದ ಮಕ್ಕಳ ಕ್ಯಾಂಪಿನಲ್ಲಿ ಕೌನ್ಸೆಲರ್ (ಮಕ್ಕಳನ್ನು ನೋಡಿಕೊಳ್ಳುವವರು) ಆಗೋ ಆಸೆ. ಕ್ಯಾಂಪಿನವರಿಗೇ ಬರೆದರೆ ವೀಸಾ ಸಿಗುತ್ತದಾ? ದುಡ್ಡು ಉಳಿಯುತ್ತದಾ?

ಉತ್ತರ 1:
ಬರೀ ಕ್ಯಾಂಪ್ ಒಪ್ಪಿದರೆ ಸಾಲದು. ಅಲ್ಲಿನ ವಿದೇಶಾಂಗ ಇಲಾಖೆಯ ಮಾನ್ಯತೆ ಇರುವ ಸ್ಪಾನ್ಸರ್ ಸಂಸ್ಥೆ ಡಿಎಸ್-2019 ಫಾರಂ (ಜೆ-1 ವೀಸಾಗೆ ಬೇಕಾದ ಅರ್ಹತಾ ಪತ್ರ) ಕೊಡಬೇಕು. 18 ತುಂಬಿರಬೇಕು. ಹೆಚ್ಚೆಂದರೆ 4 ತಿಂಗಳು.

ಉತ್ತರ 2:
ನಾನು ಒಂದು ಬೇಸಿಗೆ ಮಾಡಿ ಬಂದೆ. ದುಡ್ಡಿಗಾಗಿ ಹೋಗೋದಾದರೆ ಬೇಡ ಬಿಡಿ. ಊಟ, ವಸತಿ ಕ್ಯಾಂಪಿನದ್ದೇ. ಆದರೂ ಸ್ಪಾನ್ಸರ್ ಫೀಸು, ವಿಮಾನದ ಟಿಕೆಟ್ ಕಳೆದು ಉಳಿದದ್ದು ಕೊನೆಯ ತಿರುಗಾಟಕ್ಕೇ ಸರಿಹೋಯಿತು.

ಒಂದು ಕ್ಯಾಬಿನ್, ಹತ್ತು ಹುಡುಗರು. ಮೊದಲ ರಾತ್ರಿ ಎಂಟು ವರ್ಷದವನೊಬ್ಬ ಅಮ್ಮ ಬೇಕು ಅಂತ ಬಂಕ್ ಮೇಲೆ ಅಳುತ್ತಾ ಕೂತ. ಏನು ಮಾಡೋದು? ಟಾರ್ಚ್ ಹಿಡಿದು ಕನ್ನಡದಲ್ಲಿ ಎಣಿಸೋದು ಕಲಿಸಿದೆ. ಏಳಕ್ಕೆ ಬರುವಷ್ಟರಲ್ಲಿ ನಿದ್ದೆ. ಮರುದಿನ ಇಡೀ ಕ್ಯಾಬಿನ್ "ಒಂದು, ಎರಡು, ಮೂರು!" ಅಂತ ಕೂಗುತ್ತಾ ಕೆರೆಗೆ ಹಾರಿತು. ಉಚ್ಚಾರ ಮಾತ್ರ ಕೇಳಬೇಡಿ.

ಪೇ ಸ್ಲಿಪ್ ನೋಡಿಕೊಳ್ಳಿ. ನನ್ನ ಮೊದಲ ಸಂಬಳದಲ್ಲಿ ಸೋಶಿಯಲ್ ಸೆಕ್ಯುರಿಟಿ (ಅಲ್ಲಿನ ಪಿಂಚಣಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆ ಹಿಡಿದಿದ್ದರು. ಜೆ-1ನಲ್ಲಿ ಹೊಸದಾಗಿ ಹೋದವರಿಗೆ ಅದು ಅನ್ವಯಿಸೋದಿಲ್ಲ. ಕೇಳಿದ ಮೇಲೆ ವಾಪಸ್ ಕೊಟ್ಟರು.

ಪ್ರಶ್ನೆ ಕೇಳಿದವರು:
ಪಾತ್ರೆ ತೊಳೆಸುತ್ತಾರೆ ಅಂತಾರಲ್ಲ, ನಿಜವಾ?

ಉತ್ತರ 2:
ಮಕ್ಕಳ ಜೊತೆ ಸೇರಿ ಊಟದ ಟೇಬಲ್ ಒರೆಸಿದ್ದೇನೆ, ಅಷ್ಟೇ. ಕೌನ್ಸೆಲರ್ ವೀಸಾದವರನ್ನು ಅಡುಗೆಗೆ, ಪಾತ್ರೆ ತೊಳೆಯೋಕೆ, ಆಫೀಸು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಹಾಗೆ ಮಾಡಿಸಿದರೆ ಸ್ಪಾನ್ಸರ್‌ಗೆ ಫೋನ್ ಮಾಡಿ. ಕೆಲಸ ಮುಗಿದ ಮೇಲೆ 30 ದಿನ ಸುತ್ತಾಡಬಹುದು, ದುಡಿಯುವಂತಿಲ್ಲ. ಸೊಳ್ಳೆ ಜಾಸ್ತಿ, ತುಂಬು ತೋಳಿನ ಅಂಗಿ ಒಯ್ಯಿರಿ.