ವಿಜಯಪುರದಾಗ ಹಳೇ ವಾಡೇದ ಫ್ಲಾಟ್ ತಗೋಬೇಕಂತೀವಿ, ತಿಳಿದವರು ಸಹಾಯ ಮಾಡ್ರಿ

ಎಲ್ಲಾರಿಗೂ ನಮಸ್ಕಾರ ರೀ. ಬಾರಾ ಕಮಾನ್ ಸ್ಮಾರಕದ ಹತ್ರ ಒಂದು ಹಳೇ ವಾಡೆ (ಕೂಡುಕುಟುಂಬದ ದೊಡ್ಡ ಮನಿ) ದುರಸ್ತಿ ಮಾಡಿ, 12 ಫ್ಲಾಟ್ ಮಾಡಿ ಮಾರಾಕ ಹತ್ಯಾರ. ಕೆಳಗಿನ ಮನಿ ಅವ್ವಗ ಭಾಳ ಮನಸ್ಸಿಗೆ ಬಂದೈತಿ. ಮೊಣಕಾಲ ನೋವು, ಮೆಟ್ಟಲ ಹತ್ತಾಕ ಆಗಂಗಿಲ್ಲ. ನನಗೂ ಆಸೆ ಐತಿ. ಬಾಗಲ ಚೌಕಟ್ಟಿನ ಮ್ಯಾಲ ಕಮಲದ ಕೆತ್ತನೆ, ಎರಡು ಮೊಳ ದಪ್ಪದ ಗೋಡಿ, ಹೊರಗ ಸುಡು ಬಿಸಲಿದ್ರೂ ಒಳಗ ತಂಪು.

ಆದ್ರ ಹಿತ್ತಲ ಕಡೆ ಖೋಲ್ಯಾಗ ಗೋಡಿ ಮುಟ್ಟಿದ್ರ ಬಣ್ಣ ಹಪ್ಪಳದಂಗ ಎದ್ದು ಕೈಗೆ ಬಂತು, ಕೆಳಗ ಬಿಳೀ ಉಪ್ಪು ಕಟ್ಟಿತ್ತು. ಹಳೇದು ಸುಣ್ಣದ ಗಾರೆ, ಮ್ಯಾಲ ಸಿಮೆಂಟ್ ಗಿಲಾವ್ ಮಾಡ್ಯಾರ. ಸುಣ್ಣದ ಗೋಡಿ ತನ್ನ ತೇವ ತಾನ ಹೊರಗ ಬಿಡತೈತಿ, ಸಿಮೆಂಟ್ ಮುಚ್ಚಿದ್ರ ಅದು ಒಳಗ ಉಳೀತೈತಿ. ಇದನ್ನ ಕೆತ್ತಿ ಮತ್ತ ಸುಣ್ಣದ ಗಿಲಾವ್ ಮಾಡೋ ಗೌಂಡಿ ಯಾರಾದ್ರೂ ಗೊತ್ತಿದ್ರ ಹೇಳ್ರಿ.

ಕಾಗದದ್ದ ದೊಡ್ಡ ಚಿಂತಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ ಪ್ರಾಚೀನ ಸ್ಮಾರಕಗಳ 2010ರ ತಿದ್ದುಪಡಿ ಕಾಯ್ದೆ ಹೇಳತೈತಿ. ಅಲ್ಲಿ ದುರಸ್ತಿಗೂ ಪರವಾನಗಿ ಬೇಕು. ಮಾರೋವ್ರನ್ನ ಕೇಳಿದ್ರ "ಎಲ್ಲಾ ಆಗೇತ್ರಿ" ಅಂತಾರ, ಕಾಗದ ಮಾತ್ರ ತೋರಸವಲ್ರು. ರೇರಾ (ಮನಿ-ಫ್ಲಾಟ್ ಮಾರಾಟದ ಮ್ಯಾಲ ನಿಗಾ ಇಡೋ ಸರ್ಕಾರಿ ಪ್ರಾಧಿಕಾರ) ನೋಂದಣಿ ನಂಬರೂ ಕೊಟ್ಟಿಲ್ಲ. ವಾಡೆ ಅಂದ್ರ ಅಣ್ಣತಮ್ಮಂದಿರು, ಅಕ್ಕತಂಗ್ಯಾರು ಅಂತ ಪಾಲುದಾರರು ಭಾಳ ಇರ್ತಾರ, ಎಲ್ಲಾರ ಸಹಿ ಆಗೇತಿಲ್ಲೋ ಹೆಂಗ ನೋಡಬೇಕ್ರಿ? 30 ವರ್ಷದ ಇಸಿ (ಆಸ್ತಿ ಮ್ಯಾಲಿನ ಸಾಲ, ವ್ಯವಹಾರ ತೋರಸೋ ಋಣಭಾರ ಪ್ರಮಾಣಪತ್ರ) ತಗದ್ರ ಸಾಕೇನು?

ಹಿಂತಾ ಕಟ್ಟಡದಾಗ ಮನಿ ತಗೊಂಡವರು, ವಕೀಲರು ಯಾರಾದ್ರೂ ಇದ್ರ ದಯಮಾಡಿ ಹೇಳ್ರಿ. ರವಿವಾರ ಮುಂಗಡ ಕೊಡ್ರಿ ಅಂತ ಕುಂತಾರ, ಅವ್ವನ ಪೆನ್ಶನ್ ರೊಕ್ಕ ಐತ್ರಿ ಅದು.